ಅಕ್ಷಹೃದಯ: ಆಟದ ಯಂತ್ರಗಳೂ ಜನಾಭಿಪ್ರಾಯವೂ

ಈಗಿನ ಕಾಲದಲ್ಲಿ ಯಾವ ಮನೆಯ ಜಗಲಿಯಲ್ಲಿಯಾದರೂ ನಾಲ್ವರು ಕೂಡಿ ಕುಳಿತರೆ ಮಾತು ಬಹುಬೇಗ ಮೊಬೈಲಿನ ಕಡೆಗೆ ತಿರುಗುವುದು. ಊಟಕ್ಕೆ ಕರೆದರೆ ಹುಡುಗನು ಏಳುವುದಿಲ್ಲ; ಕೈಯಲ್ಲಿರುವ ಯಂತ್ರವನ್ನು ತೆಗೆದುಕೊಂಡರೆ ಮುನಿಸು, ಬಿಟ್ಟರೆ ಓದಿಗೆ ಹಾನಿ ಎಂಬುದು ಹಿರಿಯರ ದೂರು. ಕಾಲವು ಬದಲಾಗಿದೆ, ಈ ಯಂತ್ರವನ್ನರಿಯದವನಿಗೆ ಮುಂದೆ ಬಾಳುವೆಯೇ ಕಷ್ಟ, ಆಟದಿಂದ ಬುದ್ಧಿಯು ಚುರುಕಾಗುವುದು ಎಂಬುದು ಕಿರಿಯರ ಸಮಾಧಾನ. ಎರಡು ಪಕ್ಷದವರೂ ತಮ್ಮ ತಮ್ಮ ಅನುಭವವನ್ನೇ ಪ್ರಮಾಣವಾಗಿ ಹಿಡಿದು ವಾದಿಸುವುದರಿಂದ ಚರ್ಚೆಯು ನಿರ್ಣಯಕ್ಕೆ ಬಾರದೆ ಹಾಗೆಯೇ ನಿಂತುಹೋಗುವುದು.

ಈ ವಿವಾದಕ್ಕೆ ಅರ್ಧ ಶತಮಾನಕ್ಕೂ ಮೀರಿದ ಚರಿತ್ರೆಯುಂಟು. ಅದನ್ನು ಮೊದಲಿನಿಂದ ಅನುಸರಿಸಿ ನೋಡಿದವರಿಗೆ ಒಂದು ಸಂಗತಿಯು ಸ್ಪಷ್ಟವಾಗುವುದು. ಜನಾಭಿಪ್ರಾಯವು ಪ್ರತಿಯೊಂದು ತಲೆಮಾರಿನಲ್ಲಿಯೂ ತೆರೆಯ ಮೇಲೆ ಕಾಣುವ ಚಿತ್ರವನ್ನು ಕುರಿತು ಕಲಹಮಾಡಿತು. ಆಟವನ್ನು ಮುಗಿಸತಕ್ಕವರು ಯಾರು, ಅದು ಮುಗಿಯದಿದ್ದರೆ ಲಾಭವು ಯಾರಿಗೆ ಎಂಬ ಪ್ರಶ್ನೆಯನ್ನು ಮಾತ್ರ ಬಹುಕಾಲ ಕೇಳಲಿಲ್ಲ. ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಆ ಚರಿತ್ರೆಯನ್ನು ಸಂಗ್ರಹವಾಗಿ ನಿರೂಪಿಸುವುದೇ ಪ್ರಕೃತ ಲೇಖನದ ಉದ್ದೇಶವು.

೧. ಪ್ರಾಚೀನರ ವಿವೇಚನೆ

ಆಟವನ್ನು ಕುರಿತ ಆಲೋಚನೆಯು ನಮ್ಮ ದೇಶದಲ್ಲಿ ಅತಿ ಪ್ರಾಚೀನವಾದುದು. ಋಗ್ವೇದದ ಹತ್ತನೆಯ ಮಂಡಲದ ೩೪ನೆಯ ಸೂಕ್ತವು ಜೂಜುಗಾರನೊಬ್ಬನ ಪಶ್ಚಾತ್ತಾಪವಾಗಿದೆ. ಹೆಂಡತಿಯನ್ನೂ ಮನೆಯನ್ನೂ ಕಳೆದುಕೊಂಡವನು ಮತ್ತೆ ದಾಳಗಳ ಸದ್ದನ್ನು ಕೇಳಿದೊಡನೆ ಆ ಕಡೆಗೇ ನಡೆಯುವನು. ಆಡುವುದಿಲ್ಲವೆಂದು ಮಾಡಿದ ಸಂಕಲ್ಪವು ನಿಲ್ಲುವುದಿಲ್ಲ. ಕೊನೆಯಲ್ಲಿ ಅವನಿಗೆ ದೊರೆಯುವ ಉಪದೇಶವು ದಾಳವನ್ನು ಬಿಟ್ಟು ಹೊಲವನ್ನು ಉಳಬೇಕೆಂಬುದು. ಸಂಕಲ್ಪವಿದ್ದರೂ ಕೈತಡೆಯಲಾರದ ಸ್ಥಿತಿಯನ್ನು ಇಷ್ಟು ಹಿಂದೆಯೇ ಇಷ್ಟು ಸೂಕ್ಷ್ಮವಾಗಿ ಗುರುತಿಸಿದುದು ಗಮನಾರ್ಹವು.

ಧರ್ಮಶಾಸ್ತ್ರಕಾರರು ಇದನ್ನು ವ್ಯವಹಾರದ ದೃಷ್ಟಿಯಿಂದ ವಿಚಾರಮಾಡಿದರು. ನಿರ್ಜೀವ ವಸ್ತುಗಳಿಂದ ಪಣವಿಟ್ಟು ಆಡುವುದು ದ್ಯೂತ, ಪ್ರಾಣಿಗಳನ್ನು ಕಾದಿಸಿ ಪಣವಿಡುವುದು ಸಮಾಹ್ವಯ ಎಂದು ಮನುವು ವಿಭಾಗಿಸಿ, ಎರಡನ್ನೂ ರಾಜನು ತನ್ನ ರಾಷ್ಟ್ರದಿಂದ ನಿವಾರಿಸಬೇಕೆಂದು ವಿಧಿಸಿದನು. ಕೌಟಿಲ್ಯನ ಮತವು ಬೇರೆ. ದ್ಯೂತಾಧ್ಯಕ್ಷನೆಂಬ ಅಧಿಕಾರಿಯನ್ನು ನೇಮಿಸಿ, ಗೊತ್ತಾದ ಒಂದೇ ಸ್ಥಳದಲ್ಲಿ ಆಟವು ನಡೆಯುವಂತೆ ಏರ್ಪಡಿಸಿ, ಗೆದ್ದವನಿಂದ ನೂರಕ್ಕೆ ಐದರಂತೆ ತೆಗೆದುಕೊಳ್ಳಬೇಕೆಂದು ಅರ್ಥಶಾಸ್ತ್ರವು ಹೇಳುವುದು. ಯಾಜ್ಞವಲ್ಕ್ಯಸ್ಮೃತಿಯೂ ಮೇಲ್ವಿಚಾರಣೆಗೆ ಒಳಪಟ್ಟ ದ್ಯೂತವನ್ನು ಒಪ್ಪುವುದು. ಆ ಸ್ಮೃತಿಗೆ ವಿಜ್ಞಾನೇಶ್ವರನು ಮಿತಾಕ್ಷರಾ ವ್ಯಾಖ್ಯಾನವನ್ನು ರಚಿಸಿದುದು ನಮ್ಮ ಕಲ್ಯಾಣದಲ್ಲಿಯೇ. ಹೀಗೆ ನಿಷೇಧ, ನಿಯಂತ್ರಣ ಎಂಬ ಎರಡು ಪಕ್ಷಗಳು ಆಗಲೇ ಏರ್ಪಟ್ಟಿದ್ದವು.

ಆದರೆ ಪಣವಿಲ್ಲದ ಆಟವನ್ನು ಯಾರೂ ನಿಂದಿಸಲಿಲ್ಲ. ಚಾಲುಕ್ಯ ಚಕ್ರವರ್ತಿಯಾದ ಮೂರನೆಯ ಸೋಮೇಶ್ವರನು ೧೨ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ವಿನೋದಗಳಿಗೊಂದು, ಕ್ರೀಡೆಗಳಿಗೊಂದು ವಿಂಶತಿಯನ್ನೇ ಮೀಸಲಿಟ್ಟನು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (೧೭೯೪–೧೮೬೮) ತಾವೇ ಹಲವು ಹಾಸಿನ ಆಟಗಳನ್ನು ಕಲ್ಪಿಸಿದರು; ಚದುರಂಗದ ಕುದುರೆಯು ಒಂದು ಮನೆಯನ್ನೂ ಎರಡು ಸಲ ಮೆಟ್ಟದೆ ೬೪ ಮನೆಗಳನ್ನೂ ಸುತ್ತುವ ಬಗೆಗಳನ್ನು ಕಂಡುಹಿಡಿದರು. ಅವರ ಶ್ರೀತತ್ತ್ವನಿಧಿಯಲ್ಲಿ ಕೌತುಕನಿಧಿಯೆಂಬ ಭಾಗವು ಇಂಥ ಆಟಗಳಿಗೇ ಮೀಸಲಾದುದು. ಒಟ್ಟಿನಲ್ಲಿ ಪ್ರಾಚೀನರು ಕ್ರೀಡೆ, ದ್ಯೂತ, ವ್ಯಸನ ಎಂಬ ಮೂರನ್ನು ಬೇರೆಬೇರೆಯಾಗಿ ಎಣಿಸಿದರು. ಮನಸ್ಸಿಗೆ ವಿಶ್ರಾಂತಿಯನ್ನು ಕೊಡುವುದು ಕ್ರೀಡೆ. ಪಣವನ್ನು ಬೇಡುವುದು ದ್ಯೂತ. ಬಿಡಬೇಕೆಂದರೂ ಬಿಡಲಾಗದುದು ವ್ಯಸನ. ಈ ವಿಭಾಗವನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನ ಚರಿತ್ರೆಯು ಸುಲಭವಾಗಿ ತಿಳಿಯುವುದು.

೨. ನಾಣ್ಯದ ಪೆಟ್ಟಿಗೆ

ವಿದ್ಯುದ್ಯಂತ್ರದ ತೆರೆಯ ಮೇಲೆ ಆಡುವ ಆಟವು ಮೊದಲು ವಿಜ್ಞಾನಶಾಲೆಗಳಲ್ಲಿ ಹುಟ್ಟಿತು. ಕ್ರಿ. ಶ. ೧೯೫೮ರಲ್ಲಿ ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದ ವಿಲಿಯಂ ಹಿಗಿನ್‌ಬಾಥಂ ಎಂಬವನು ಸಂದರ್ಶಕರ ಬೇಸರವನ್ನು ಕಳೆಯುವುದಕ್ಕಾಗಿ ಟೆನಿಸ್ ಆಟವೊಂದನ್ನು ಸಣ್ಣ ತೆರೆಯ ಮೇಲೆ ತೋರಿಸಿದನು. ೧೯೬೨ರಲ್ಲಿ ಮಸಾಚುಸೆಟ್ಸ್ ತಂತ್ರವಿದ್ಯಾಲಯದಲ್ಲಿ ಸ್ಟೀವ್ ರಸೆಲ್ಲನೂ ಅವನ ಗೆಳೆಯರೂ ಆಕಾಶನೌಕೆಗಳ ಯುದ್ಧವನ್ನು ರಚಿಸಿದರು. ಇವುಗಳನ್ನು ಯಾರೂ ಮಾರಲಿಲ್ಲ. ಆದುದರಿಂದ ಇವುಗಳ ವಿಷಯದಲ್ಲಿ ಜನರಿಗೆ ಯಾವ ಅಭಿಪ್ರಾಯವೂ ಇರಲಿಲ್ಲ.

ವ್ಯಾಪಾರವು ಬಲಗೊಂಡುದು ೧೯೭೨ರಲ್ಲಿ. ಜರ್ಮನಿಯಿಂದ ವಲಸೆ ಬಂದಿದ್ದ ರಾಲ್ಫ್ ಬೇಯರನು ಕಲ್ಪಿಸಿದ ಒಡಿಸ್ಸಿ ಎಂಬ ಯಂತ್ರವು ಮನೆಯ ಟೆಲಿವಿಷನ್ನಿಗೆ ಜೋಡಿಸಿ ಆಡುವಂತೆ ಮಾರಾಟಕ್ಕೆ ಬಂದಿತು. ಅದೇ ವರ್ಷ ನೋಲನ್ ಬುಶ್ನೆಲ್ಲನು ಸ್ಥಾಪಿಸಿದ ಅಟಾರಿ ಸಂಸ್ಥೆಯಲ್ಲಿ ಅಲನ್ ಆಲ್ಕಾರ್ನನು ಪಾಂಗ್ ಎಂಬ ಆಟವನ್ನು ನಿರ್ಮಿಸಿದನು. ಕ್ಯಾಲಿಫೋರ್ನಿಯದ ಸನಿವೇಲ್ ಎಂಬ ಊರಿನ ಪಾನಗೃಹವೊಂದರಲ್ಲಿ ಇದರ ಮೊದಲನೆಯ ಪೆಟ್ಟಿಗೆಯನ್ನು ಇಟ್ಟರು. ಕೆಲವು ದಿನಗಳಲ್ಲಿಯೇ ಯಂತ್ರವು ಕೆಟ್ಟಿತೆಂದು ಕರೆ ಬಂದಿತು. ಹೋಗಿ ಬಿಚ್ಚಿ ನೋಡಿದಾಗ ಯಂತ್ರದಲ್ಲಿ ದೋಷವಿರಲಿಲ್ಲ. ನಾಣ್ಯಗಳು ತುಂಬಿ ತುಳುಕಿ ಮುಂದಿನ ನಾಣ್ಯಕ್ಕೆ ದಾರಿಯಿಲ್ಲದಂತಾಗಿದ್ದಿತು.

ಈ ನಾಣ್ಯದ ಪೆಟ್ಟಿಗೆಯ ಧರ್ಮವನ್ನು ಗಮನಿಸಬೇಕು. ಒಂದು ನಾಣ್ಯಕ್ಕೆ ಒಂದು ಆಟ. ಆಟವು ಬೇಗ ಮುಗಿದರೆ ಮುಂದಿನ ನಾಣ್ಯವು ಬೇಗ ಬೀಳುವುದು. ಆದುದರಿಂದ ಆಟವನ್ನು ಮುಗಿಸುವುದರಲ್ಲಿಯೇ ಯಂತ್ರದ ಒಡೆಯನಿಗೆ ಲಾಭವಿದ್ದಿತು. ಆಡುವವನಿಗೂ ಜೇಬು ಬರಿದಾದೊಡನೆ ಮನೆಗೆ ಹೋಗದೆ ವಿಧಿಯಿರಲಿಲ್ಲ. ಅಂಗಡಿಗೆ ಬಾಗಿಲು ಮುಚ್ಚುವ ಹೊತ್ತೂ ಇದ್ದಿತು. ಹೀಗೆ ಆಟಕ್ಕೆ ಮೂರು ಕಡೆಯಿಂದ ಕೊನೆಯು ಏರ್ಪಟ್ಟಿದ್ದಿತು.

೧೯೭೮ರಲ್ಲಿ ಜಪಾನಿನ ಟೊಮೊಹಿರೊ ನಿಶಿಕಾಡೊ ಎಂಬವನು ರಚಿಸಿದ ಸ್ಪೇಸ್ ಇನ್ವೇಡರ್ಸ್, ೧೯೮೦ರಲ್ಲಿ ಟೋರು ಇವಾಟಾನಿಯು ರಚಿಸಿದ ಪ್ಯಾಕ್‌ಮನ್, ಇವೆರಡೂ ಲೋಕವನ್ನೇ ಸುತ್ತಿದವು. ಜಪಾನಿನಲ್ಲಿ ನೂರು ಯೆನ್ನಿನ ನಾಣ್ಯಕ್ಕೇ ಕ್ಷಾಮ ಬಂದಿತೆಂಬ ವದಂತಿಯು ಹುಟ್ಟಿ ಪುಸ್ತಕಗಳನ್ನೂ ಸೇರಿತು. ಪರಿಶೀಲಿಸಿದವರು ಅದಕ್ಕೆ ಆಧಾರವಿಲ್ಲವೆಂದರು. ಜನಪ್ರಿಯವಾದ ಯಂತ್ರದ ಸುತ್ತಲೂ ಕಥೆಗಳು ಎಷ್ಟು ಬೇಗ ಬೆಳೆಯುವವೆಂಬುದಕ್ಕೆ ಇದೊಂದು ದೃಷ್ಟಾಂತವು.

ಕೂಡಲೆ ವಿರೋಧವೂ ಎದ್ದಿತು. ಟೆಕ್ಸಸ್ ಪ್ರಾಂತದ ಮೆಸ್ಕೀಟ್ ನಗರಸಭೆಯು ೧೭ ವರ್ಷದೊಳಗಿನವರು ಹಿರಿಯರ ಜೊತೆಯಿಲ್ಲದೆ ಈ ಆಟದ ಅಂಗಡಿಗಳಿಗೆ ಹೋಗಕೂಡದೆಂದು ವಿಧಿಸಿತು. ಆ ವ್ಯಾಜ್ಯವು ೧೯೮೨ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಯಿತು. ಫಿಲಿಪ್ಪೀನ್ಸ್ ದೇಶದಲ್ಲಿ ಅಧ್ಯಕ್ಷನಾಗಿದ್ದ ಮಾರ್ಕೋಸನು ೧೯೮೧ರ ನವೆಂಬರಿನಲ್ಲಿ ಇಂಥ ಯಂತ್ರಗಳನ್ನು ದೇಶಾದ್ಯಂತ ನಿಷೇಧಿಸಿದನು. ೧೯೮೨ರ ನವೆಂಬರಿನಲ್ಲಿ ಅಮೆರಿಕದ ಪ್ರಧಾನ ಆರೋಗ್ಯಾಧಿಕಾರಿಯಾಗಿದ್ದ ಸಿ. ಎವರೆಟ್ ಕೂಪ್ ಮಹಾಶಯರು ಪಿಟ್ಸ್‌ಬರ್ಗ್ ನಗರದಲ್ಲಿ ಮಾತನಾಡುತ್ತ, ಈ ಆಟಗಳು ಮಕ್ಕಳ ದೇಹವನ್ನೂ ಮನಸ್ಸನ್ನೂ ಸೆರೆಹಿಡಿದಿವೆಯೆಂದರು. ಪತ್ರಿಕೆಗಳು ಇದನ್ನು ದೊಡ್ಡದಾಗಿ ಪ್ರಕಟಿಸಿದುವು. ಮರುದಿನವೇ ಅವರು, ಆ ಮಾತು ತಮ್ಮ ಸ್ವಂತ ಅಭಿಪ್ರಾಯವೆಂದೂ ಶಾಸ್ತ್ರೀಯವಾದ ಪರಿಶೋಧನೆಯ ಆಧಾರವುಳ್ಳದ್ದಲ್ಲವೆಂದೂ ಸ್ಪಷ್ಟಪಡಿಸಬೇಕಾಯಿತು. ಮೊದಲಿನ ಮಾತಿಗಿದ್ದ ಪ್ರಚಾರವು ಎರಡನೆಯದಕ್ಕೆ ದೊರೆಯಲಿಲ್ಲ.

೩. ಯಂತ್ರದ ಗೃಹಪ್ರವೇಶ

೧೯೮೩ರಲ್ಲಿ ಅಮೆರಿಕದ ಈ ವ್ಯಾಪಾರವು ಹಠಾತ್ತಾಗಿ ಕುಸಿಯಿತು. ಕೀಳುತರದ ಆಟಗಳು ಮಾರುಕಟ್ಟೆಯನ್ನು ತುಂಬಿದುದೇ ಇದಕ್ಕೆ ಮುಖ್ಯ ಕಾರಣವು. ಮಾರಾಟವಾಗದೆ ಉಳಿದ ಸರಕುಗಳನ್ನು ಅಟಾರಿ ಸಂಸ್ಥೆಯು ನ್ಯೂ ಮೆಕ್ಸಿಕೊ ಪ್ರಾಂತದ ಆಲಮೊಗೊರ್ಡೊ ಎಂಬ ಊರಿನ ಕಸದ ಹೊಂಡದಲ್ಲಿ ಹೂಳಿಸಿತು. ೨೦೧೪ರಲ್ಲಿ ಅವುಗಳನ್ನು ಅಗೆದು ಹೊರತೆಗೆದರು. ಈ ಹುಚ್ಚು ಇಲ್ಲಿಗೆ ಮುಗಿಯಿತೆಂದು ಹಲವರು ತಿಳಿದರು.

ಆದರೆ ಅದೇ ೧೯೮೩ರ ಜುಲೈ ತಿಂಗಳಿನಲ್ಲಿ ಜಪಾನಿನ ನಿಂಟೆಂಡೊ ಸಂಸ್ಥೆಯು ಫ್ಯಾಮಿಲಿ ಕಂಪ್ಯೂಟರ್ ಎಂಬ ಯಂತ್ರವನ್ನು ಮಾರಾಟಕ್ಕೆ ಬಿಟ್ಟಿತು. ಈ ಸಂಸ್ಥೆಯು ೧೮೮೯ರಲ್ಲಿ ಕ್ಯೋಟೊ ನಗರದಲ್ಲಿ ಹೂವಿನ ಚಿತ್ರಗಳುಳ್ಳ ಇಸ್ಪೀಟು ಎಲೆಗಳನ್ನು ತಯಾರಿಸುವ ಅಂಗಡಿಯಾಗಿ ಹುಟ್ಟಿದುದು. ಇಸ್ಪೀಟಿನಿಂದ ಯಂತ್ರಕ್ಕೆ ಬಂದ ಈ ಸಂಸ್ಥೆಯ ಚರಿತ್ರೆಯಲ್ಲಿ ಕ್ರೀಡೆಗೂ ದ್ಯೂತಕ್ಕೂ ಇರುವ ಹಳೆಯ ನೆರೆಹೊರೆಯನ್ನು ಕಾಣಬಹುದು. ಅಲ್ಲಿಯ ಗುನ್ಪೇ ಯೊಕೊಯಿ ಎಂಬ ಶಿಲ್ಪಿಯು, ರೈಲಿನಲ್ಲಿ ಬೇಸರದಿಂದ ಕುಳಿತಿದ್ದ ಪ್ರಯಾಣಿಕನೊಬ್ಬನು ಲೆಕ್ಕದ ಯಂತ್ರದ ಗುಂಡಿಗಳನ್ನು ಒತ್ತುತ್ತ ಹೊತ್ತು ಕಳೆಯುವುದನ್ನು ನೋಡಿ, ಅಂಗೈಯಲ್ಲಿ ಹಿಡಿಯುವ ಆಟವನ್ನು ೧೯೮೦ರಲ್ಲಿ ರೂಪಿಸಿದನು. ಅದರ ಮುಂದಿನ ರೂಪವಾದ ಗೇಮ್‌ಬಾಯ್ ೧೯೮೯ರಲ್ಲಿ ಬಂದಿತು. ಅದರ ಬಣ್ಣದ ತೆರೆಯ ರೂಪವನ್ನೂ ಸೇರಿಸಿ ೧೧ ಕೋಟಿಗೂ ಹೆಚ್ಚು ಯಂತ್ರಗಳು ಮಾರಾಟವಾದವು. ಅದರೊಡನೆ ಲೋಕಪ್ರಸಿದ್ಧವಾದ ಟೆಟ್ರಿಸ್ ಆಟವನ್ನು ೧೯೮೪ರಲ್ಲಿ ರಚಿಸಿದವನು ಮಾಸ್ಕೋ ನಗರದ ವಿಜ್ಞಾನ ಸಂಸ್ಥೆಯಲ್ಲಿ ಕೆಲಸಮಾಡುತ್ತಿದ್ದ ಅಲೆಕ್ಸಿ ಪಾಜಿಟ್ನೋವ್. ಅದರ ಹಕ್ಕುಗಳು ಸೋವಿಯೆತ್ ಸರಕಾರದ ವಶದಲ್ಲಿದ್ದುದರಿಂದ ೧೯೯೬ರವರೆಗೆ ಅವನಿಗೆ ಅದರ ಪ್ರತಿಫಲವು ದೊರೆಯಲಿಲ್ಲ.

ಇಲ್ಲಿ ಆಟದ ಆರ್ಥಿಕ ಧರ್ಮವು ಬದಲಾಯಿತು. ಮನೆಯ ಯಂತ್ರಕ್ಕೂ ಅದರ ಆಟಕ್ಕೂ ಬೆಲೆಯನ್ನು ಒಂದೇ ಸಲ ಕೊಟ್ಟುಬಿಡುವುದರಿಂದ, ಕೊಂಡವನು ಹತ್ತು ನಿಮಿಷ ಆಡಿದರೂ ಹತ್ತು ದಿನ ಆಡಿದರೂ ಮಾರಿದವನಿಗೆ ಭೇದವಿಲ್ಲ. ಅಂಗಡಿಯ ಬಾಗಿಲು ಮುಚ್ಚುವ ಹೊತ್ತಿಗೆ ಬದಲಾಗಿ ತಾಯಿಯ ಕೂಗು ಬಂದಿತು. ಕಥೆಯುಳ್ಳ ಆಟಗಳಿಗೆ ಕೊನೆಯ ಘಟ್ಟವೊಂದಿದ್ದಿತು. ಅದನ್ನು ಗೆದ್ದ ಹುಡುಗನು ಗ್ರಂಥವನ್ನು ಓದಿ ಮುಗಿಸಿದವನಂತೆ ತೃಪ್ತನಾಗಿ ಎದ್ದುಹೋಗುತ್ತಿದ್ದನು.

ಆದರೆ ಜನಾಭಿಪ್ರಾಯವು ಆಗಲೂ ಚಿತ್ರದ ಮೇಲೆಯೇ ನಾಟಿದ್ದಿತು. ಮೋರ್ಟಲ್ ಕಾಂಬ್ಯಾಟ್ ಎಂಬ ಆಟದಲ್ಲಿ ರಕ್ತಪಾತವನ್ನು ತೋರಿಸಿದುದರಿಂದ ೧೯೯೩ರ ಡಿಸೆಂಬರಿನಲ್ಲಿ ಅಮೆರಿಕದ ಸೆನೆಟ್ ಸಭೆಯು ಲೀಬರ್ಮನ್, ಕೋಲ್ ಎಂಬ ಸದಸ್ಯರ ಮುಂದಾಳುತನದಲ್ಲಿ ವಿಚಾರಣೆಯನ್ನು ನಡೆಸಿತು. ಇದರ ಫಲವಾಗಿ, ಯಾವ ವಯಸ್ಸಿನವರಿಗೆ ಯಾವ ಆಟವೆಂದು ಸೂಚಿಸುವ ಮಂಡಲಿಯನ್ನು ೧೯೯೪ರಲ್ಲಿ ವ್ಯಾಪಾರಿಗಳೇ ಸ್ಥಾಪಿಸಿಕೊಂಡರು. ಹಿಂಸೆಯ ಆಟಗಳನ್ನು ಮಕ್ಕಳಿಗೆ ಮಾರಕೂಡದೆಂದು ಕ್ಯಾಲಿಫೋರ್ನಿಯವು ಮಾಡಿದ್ದ ಶಾಸನವನ್ನು ೨೦೧೧ರಲ್ಲಿ ಸರ್ವೋಚ್ಚ ನ್ಯಾಯಾಲಯವು ಏಳು ಮತಗಳಿಂದ ಎರಡರ ಮೇಲೆ ರದ್ದುಮಾಡಿ, ಪುಸ್ತಕಕ್ಕೂ ನಾಟಕಕ್ಕೂ ಇರುವ ವಾಕ್‌ಸ್ವಾತಂತ್ರ್ಯವು ಆಟಕ್ಕೂ ಉಂಟೆಂದು ತೀರ್ಮಾನಿಸಿತು. ಹೀಗೆ ಚಿತ್ರದ ವಿವಾದವು ಸುಮಾರು ಮೂವತ್ತು ವರ್ಷ ನಡೆದು ಒಂದು ನಿಲುಗಡೆಗೆ ಬಂದಿತು. ಅಷ್ಟರಲ್ಲಿ ಯಂತ್ರವೇ ಬದಲಾಗಿಬಿಟ್ಟಿದ್ದಿತು.

೪. ನಮ್ಮ ದೇಶದಲ್ಲಿ

ಭಾರತದಲ್ಲಿ ಈ ಆಟವು ೧೯೮೦ರ ಮತ್ತು ೧೯೯೦ರ ದಶಕಗಳಲ್ಲಿ ಪಟ್ಟಣಗಳ ಪಾರ್ಲರುಗಳ ಮೂಲಕವೂ, ಟಿ. ವಿ.ಗೆ ಜೋಡಿಸುವ ಅಗ್ಗದ ಪೆಟ್ಟಿಗೆಗಳ ಮೂಲಕವೂ ಹರಡಿತು. ಆ ಪೆಟ್ಟಿಗೆಗಳಲ್ಲಿ ಬಹುಪಾಲು ಜಪಾನಿನ ಯಂತ್ರದ ಅನುಕರಣೆಗಳು. ಅದರಲ್ಲಿ ಸಿಕ್ಕಿಸುವ ಆಟದ ತುಂಡನ್ನು ಹುಡುಗರು ಕ್ಯಾಸೆಟ್ ಎಂದೇ ಕರೆದು, ಗೆಳೆಯರಲ್ಲಿ ಅದಲುಬದಲು ಮಾಡಿಕೊಳ್ಳುತ್ತಿದ್ದರು. ಮನೆಗೊಂದೇ ಟಿ. ವಿ. ಇದ್ದ ಕಾಲವದು, ವಾರ್ತೆಯ ಹೊತ್ತಿಗೋ ಧಾರಾವಾಹಿಯ ಹೊತ್ತಿಗೋ ಹಿರಿಯರು ಬಂದು ಕುಳಿತರೆ ಆಟವು ತಾನಾಗಿಯೇ ನಿಲ್ಲುತ್ತಿದ್ದಿತು. ಯಾವ ಶಾಸನವೂ ಮಾಡಲಾರದ ನಿಯಂತ್ರಣವನ್ನು ಆ ಒಂದೇ ಪೆಟ್ಟಿಗೆಯು ಮಾಡುತ್ತಿದ್ದಿತು.

ಮೊಬೈಲಿನಲ್ಲಿ ಆಟವು ಜನಸಾಮಾನ್ಯರಿಗೆ ಪರಿಚಯವಾದುದು ಹಾವಿನ ಆಟದಿಂದ. ೧೯೯೭ರಲ್ಲಿ ನೋಕಿಯಾ ಸಂಸ್ಥೆಯ ೬೧೧೦ ಎಂಬ ಫೋನಿಗಾಗಿ ಫಿನ್ಲೆಂಡಿನ ತನೇಲಿ ಅರ್ಮಾಂಟೊ ಇದನ್ನು ರಚಿಸಿದನು. ಹಾವು ಬೆಳೆಬೆಳೆದಂತೆ ತನ್ನ ಬಾಲಕ್ಕೇ ತಗುಲಿ ಸಾಯುವುದು ಆ ಆಟದ ನಿಯಮ. ಎಷ್ಟು ನಿಪುಣನಾದರೂ ಒಂದಲ್ಲ ಒಂದು ಹೊತ್ತಿಗೆ ಆಟವು ಮುಗಿಯಲೇಬೇಕು. ಅದರಲ್ಲಿ ಜಾಹೀರಾತೂ ಇರಲಿಲ್ಲ, ಹಣದ ಬೇಡಿಕೆಯೂ ಇರಲಿಲ್ಲ. ಆ ಹಾವನ್ನು ಕುರಿತು ಯಾವ ಮನೆಯಲ್ಲಿಯೂ ದೊಡ್ಡ ದೂರು ಹುಟ್ಟಲಿಲ್ಲವೆಂಬುದು ವಿಚಾರಾರ್ಹವು.

೫. ಕೊನೆಯಿಲ್ಲದ ಆಟ

೨೦೦೭ರ ಜನವರಿ ೯ರಂದು ಆಪಲ್ ಸಂಸ್ಥೆಯ ಸ್ಟೀವ್ ಜಾಬ್ಸನು ಐಫೋನನ್ನು ಲೋಕಕ್ಕೆ ತೋರಿಸಿದನು. ಮುಂದಿನ ವರ್ಷದ ಜುಲೈನಲ್ಲಿ ಆ್ಯಪ್‌ಗಳ ಅಂಗಡಿಯು ಸುಮಾರು ೫೦೦ ಆ್ಯಪ್‌ಗಳೊಡನೆ ತೆರೆಯಿತು. ಭಾರತದಲ್ಲಿ ೨೦೧೬ರ ಸೆಪ್ಟೆಂಬರಿನಲ್ಲಿ ಜಿಯೋ ಸೇವೆಯು ಬಂದ ಮೇಲೆ ಇಂಟರ್‌ನೆಟ್ಟಿನ ದರವು ಬಹುವಾಗಿ ಇಳಿದು, ಸ್ಮಾರ್ಟ್‌ಫೋನು ಹಳ್ಳಿಹಳ್ಳಿಗೂ ಹೊಕ್ಕಿತು. ೨೦೨೦ರಲ್ಲಿ ಕೊರೋನಾ ಕಾಲದಲ್ಲಿ ಶಾಲೆಗಳು ಮುಚ್ಚಿದಾಗ ಪಾಠಕ್ಕೂ ಅದೇ ಯಂತ್ರವು ಬೇಕಾಯಿತು. ಪುಸ್ತಕ, ಗಡಿಯಾರ, ಅಂಚೆ, ಬ್ಯಾಂಕು, ಆಟದ ಬಯಲು ಇವೆಲ್ಲ ಒಂದೇ ಗಾಜಿನ ತುಂಡಿನೊಳಗೆ ಸೇರಿದುವು. ಮಗುವಿನ ಕೈಯಿಂದ ಆಟವನ್ನು ತೆಗೆಯಬೇಕೆಂದರೆ ಪಾಠವನ್ನೂ ತೆಗೆಯಬೇಕಾದ ಇಕ್ಕಟ್ಟು ಹಿಂದೆಂದೂ ತಂದೆತಾಯಿಗಳಿಗೆ ಬಂದಿರಲಿಲ್ಲ.

ಇದಕ್ಕಿಂತಲೂ ಮುಖ್ಯವಾದ ಮಾರ್ಪಾಡು ವ್ಯಾಪಾರದ ಕ್ರಮದಲ್ಲಿ ಆಯಿತು. ಫೋನಿನ ಆಟಗಳಲ್ಲಿ ಹೆಚ್ಚಿನವು ಉಚಿತ. ಉಚಿತವೆಂದರೆ ಆಟದಿಂದ ಒಡೆಯನಿಗೆ ಆದಾಯವಿಲ್ಲವೆಂದು ತಿಳಿಯಬಾರದು. ಆಡುವವನು ತೆರೆಯ ಮುಂದೆ ಹೆಚ್ಚು ಹೊತ್ತು ಕುಳಿತಷ್ಟೂ ಜಾಹೀರಾತುಗಳು ಹೆಚ್ಚು ಕಾಣುವುವು. ನಡುನಡುವೆ ಸಣ್ಣಪುಟ್ಟ ಖರೀದಿಗಳೂ ನಡೆಯುವುವು. ೨೦೧೨ರಲ್ಲಿ ಬಂದ ಕ್ಯಾಂಡಿ ಕ್ರಶ್ ಎಂಬ ಆಟವನ್ನು ತೆಗೆದುಕೊಳ್ಳಬಹುದು. ಅದರಲ್ಲಿ ಆಟಗಾರನಿಗೆ ಐದು ಪ್ರಾಣಗಳು. ಅವು ತೀರಿದರೆ ಅರ್ಧ ಗಂಟೆಗೊಂದರಂತೆ ಹೊಸ ಪ್ರಾಣಕ್ಕಾಗಿ ಕಾಯಬೇಕು, ಇಲ್ಲವೆ ಹಣವನ್ನು ಕೊಡಬೇಕು, ಇಲ್ಲವೆ ಗೆಳೆಯರನ್ನು ಬೇಡಬೇಕು. ಸಾವಿರಾರು ಘಟ್ಟಗಳಿರುವ ಆ ಆಟಕ್ಕೆ ಹೊಸ ಘಟ್ಟಗಳು ಸೇರುತ್ತಲೇ ಇರುವುವು. ಹಿಂದೆ ಆಟದ ಕೊನೆಯಾಗಿದ್ದುದು ಇಲ್ಲಿ ಬೆಲೆಕಟ್ಟಿ ಮಾರುವ ಒಂದು ವಿರಾಮವಾಯಿತು. ನಾಣ್ಯದ ಪೆಟ್ಟಿಗೆಯ ಒಡೆಯನಿಗೆ ಆಟವು ಮುಗಿಯುವುದರಲ್ಲಿ ಲಾಭವಿದ್ದಿತು. ಮನೆಯ ಯಂತ್ರವನ್ನು ಮಾರಿದವನು ಉದಾಸೀನನು. ಫೋನಿನ ಆಟದ ಒಡೆಯನಿಗೆ ಮುಗಿಯದಿರುವುದರಲ್ಲಿಯೇ ಲಾಭವು. ಐವತ್ತು ವರ್ಷದ ಚರಿತ್ರೆಯ ಸಾರವು ಈ ಮೂರು ಮಾತುಗಳಲ್ಲಿ ಅಡಗಿದೆ.

ಆಟವಲ್ಲದ ಆ್ಯಪ್‌ಗಳೂ ಇದೇ ಮಾರ್ಗವನ್ನು ಹಿಡಿದುವು. ಪುಟದ ಕೊನೆಯೆಂಬುದೇ ಇಲ್ಲದೆ ಬೆರಳಾಡಿಸಿದಷ್ಟೂ ಹೊಸ ವಿಷಯವು ಬರುತ್ತಲೇ ಇರುವ ಏರ್ಪಾಡನ್ನು ೨೦೦೬ರಲ್ಲಿ ರೂಪಿಸಿದ ಅಜಾ ರಾಸ್ಕಿನ್ ಎಂಬವನು ಅನಂತರ ಅದಕ್ಕಾಗಿ ಬಹಿರಂಗವಾಗಿ ವಿಷಾದಪಟ್ಟನು. ಇದಕ್ಕಿಂತ ವಿಚಿತ್ರವಾದುದು ವಿಯೆಟ್ನಾಮಿನ ಡಾಂಗ್ ನ್ಗುಯೆನ್ ಎಂಬ ತರುಣನ ವೃತ್ತಾಂತ. ಅವನು ಒಬ್ಬನೇ ಕುಳಿತು ರಚಿಸಿ ೨೦೧೩ರಲ್ಲಿ ಪ್ರಕಟಿಸಿದ, ಹಕ್ಕಿಯನ್ನು ಕೊಳವೆಗಳ ನಡುವೆ ಹಾರಿಸುವ ಆಟವು ಮುಂದಿನ ವರ್ಷದ ಆರಂಭದಲ್ಲಿ ಲೋಕಪ್ರಸಿದ್ಧವಾಯಿತು. ಜಾಹೀರಾತುಗಳಿಂದ ದಿನಕ್ಕೆ ಸುಮಾರು ೫೦,೦೦೦ ಡಾಲರು ಬರುತ್ತಿದ್ದಿತೆಂದು ವರದಿಯಾಯಿತು. ಕೆಲವು ನಿಮಿಷದ ವಿಶ್ರಾಂತಿಗಾಗಿ ಮಾಡಿದ ಆಟವು ಜನರಿಗೆ ಚಟವಾಯಿತೆಂಬ ಕಾರಣದಿಂದ ಅವನು ೨೦೧೪ರ ಫೆಬ್ರವರಿಯಲ್ಲಿ ಅದನ್ನು ತಾನೇ ಹಿಂತೆಗೆದುಕೊಂಡನು. ಕ್ರೀಡೆಯು ವ್ಯಸನವಾದುದನ್ನು ಕಂಡು ಲಾಭವನ್ನು ಬಿಟ್ಟ ಇಂಥ ವ್ಯಾಪಾರಿಗಳು ವಿರಳರು.

ದ್ಯೂತವೂ ಮರೆಯಿಂದ ಒಳಗೆ ಬಂದಿತು. ಹಣವನ್ನು ಕೊಟ್ಟು, ಒಳಗೆ ಏನಿದೆಯೆಂದು ತಿಳಿಯದ ಪೆಟ್ಟಿಗೆಯನ್ನು ತೆರೆಯುವ ಪದ್ಧತಿಯು ಹಲವು ಆಟಗಳಲ್ಲಿ ಸೇರಿತು. ಬೆಲ್ಜಿಯಂ ದೇಶದ ದ್ಯೂತನಿಯಂತ್ರಣ ಮಂಡಲಿಯು ೨೦೧೮ರಲ್ಲಿ ಇದನ್ನು ಜೂಜೆಂದೇ ನಿರ್ಣಯಿಸಿತು. ಇಷ್ಟಲ್ಲದೆ ಹಣವಿಲ್ಲದ ಇನ್ನೊಂದು ಪಣವುಂಟು, ಅದು ಕಾಲ. ಶಾಸ್ತ್ರಕಾರರು ದ್ಯೂತಕ್ಕೆ ಹೇಳಿದ ಪಣವು ಎಣಿಸಬಹುದಾದ ವಸ್ತು. ಸೋತವನಿಗೆ ಸೋತುದು ಗೊತ್ತಾಗುತ್ತಿದ್ದಿತು. ಈ ಪಣದಲ್ಲಿ ಸೋತವನಿಗೆ ಸೋಲೇ ತಿಳಿಯುವುದಿಲ್ಲ.

೬. ಪ್ರಭುತ್ವದ ಪ್ರಯತ್ನಗಳು

ಮನುವಿನ ಮಾರ್ಗವನ್ನೂ ಕೌಟಿಲ್ಯನ ಮಾರ್ಗವನ್ನೂ ಇಂದಿನ ಸರಕಾರಗಳು ಪುನಃ ಹಿಡಿದವು. ದಕ್ಷಿಣ ಕೊರಿಯಾ ದೇಶವು ೨೦೧೧ರಲ್ಲಿ ೧೬ ವರ್ಷದೊಳಗಿನವರು ನಡುರಾತ್ರಿಯಿಂದ ಬೆಳಗಿನ ಆರು ಗಂಟೆಯವರೆಗೆ ಇಂಟರ್‌ನೆಟ್ಟಿನ ಆಟವನ್ನು ಆಡಕೂಡದೆಂದು ಶಾಸನ ಮಾಡಿತು. ಮಕ್ಕಳು ಹಿರಿಯರ ಹೆಸರಿನಲ್ಲಿ ಆಡಿದರು. ಫೋನಿನ ಆಟಗಳು ಶಾಸನಕ್ಕೆ ಒಳಪಟ್ಟಿರಲೇ ಇಲ್ಲ. ಹತ್ತು ವರ್ಷಗಳ ಬಳಿಕ, ೨೦೨೧ರಲ್ಲಿ, ಅದನ್ನು ರದ್ದುಪಡಿಸಲು ಸರಕಾರವೇ ನಿಶ್ಚಯಿಸಿತು. ಅದೇ ವರ್ಷ ಚೀನಾ ದೇಶವು ಇನ್ನೂ ಕಠಿನವಾಗಿ, ೧೮ ವರ್ಷದೊಳಗಿನವರಿಗೆ ಶುಕ್ರವಾರ, ಶನಿವಾರ, ಭಾನುವಾರ ಮತ್ತು ರಜಾದಿನಗಳಲ್ಲಿ ಮಾತ್ರ, ರಾತ್ರಿ ೮ರಿಂದ ೯ರವರೆಗೆ ಒಂದು ಗಂಟೆಯ ಆಟವನ್ನು ಗೊತ್ತುಮಾಡಿತು.

ವಿಶ್ವ ಆರೋಗ್ಯ ಸಂಸ್ಥೆಯು ೨೦೧೯ರಲ್ಲಿ ಅಂಗೀಕೃತವಾಗಿ ೨೦೨೨ರ ಜನವರಿ ೧ರಿಂದ ಜಾರಿಗೆ ಬಂದ ತನ್ನ ರೋಗಸೂಚಿಯಲ್ಲಿ ಆಟದ ವ್ಯಸನವನ್ನು ಸೇರಿಸಿತು. ಆಡುವುದನ್ನು ತಡೆಯಲಾರದಿರುವುದು, ಉಳಿದ ಕೆಲಸಗಳಿಗಿಂತ ಆಟವೇ ಮುಖ್ಯವಾಗುವುದು, ಹಾನಿಯು ಕಂಡರೂ ಮುಂದುವರಿಸುವುದು—ಈ ಲಕ್ಷಣಗಳು ಸಾಧಾರಣವಾಗಿ ೧೨ ತಿಂಗಳಾದರೂ ಕಾಣಬೇಕು. ವೈದಿಕ ಸೂಕ್ತದ ಜೂಜುಗಾರನಲ್ಲಿ ಈ ಮೂರೂ ಇದ್ದುವು. ಆದರೆ ಈ ಲಕ್ಷಣವನ್ನು ಓದಿದವರು ಇನ್ನೊಂದನ್ನೂ ಗಮನಿಸಬೇಕು: ಆಡುವ ಮಕ್ಕಳೆಲ್ಲರೂ ವ್ಯಸನಿಗಳೆಂದು ವೈದ್ಯಶಾಸ್ತ್ರವು ಹೇಳಲಿಲ್ಲ.

ನಮ್ಮ ದೇಶದಲ್ಲಿ ಪಬ್‌ಜಿ ಎಂಬ ಆಟದ ವಿಷಯದಲ್ಲಿ ೨೦೧೯ರಲ್ಲಿ ಗುಜರಾತಿನ ಕೆಲವು ನಗರಗಳ ಪೊಲೀಸರು ನಿಷೇಧಾಜ್ಞೆ ಹೊರಡಿಸಿ, ಆಡುತ್ತಿದ್ದ ತರುಣರನ್ನು ಬಂಧಿಸಿದರು. ೨೦೨೦ರ ಸೆಪ್ಟೆಂಬರ್ ೨ರಂದು ಕೇಂದ್ರ ಸರಕಾರವು ಅದನ್ನು ಇತರ ಆ್ಯಪ್‌ಗಳೊಡನೆ ನಿಷೇಧಿಸಿತು. ಆ ಪಟ್ಟಿಯಲ್ಲಿದ್ದುವು ಒಟ್ಟು ೧೧೮. ಆಗ ಕೊಟ್ಟ ಕಾರಣವು ದೇಶದ ಸುರಕ್ಷತೆಯೇ ಹೊರತು ಮಕ್ಕಳ ವ್ಯಸನವಲ್ಲ. ಆದರೂ ಮಗನ ಆಟವು ನಿಂತಿತೆಂದು ಸಮಾಧಾನಪಟ್ಟ ತಾಯಂದಿರು ಅನೇಕರಿದ್ದರು. ಮುಂದಿನ ವರ್ಷವೇ ಅದು ಹೊಸ ಹೆಸರಿನಲ್ಲಿ ಮರಳಿ ಬಂದಿತು.

ಕರ್ನಾಟಕ ಸರಕಾರವು ೧೯೬೩ರ ಪೊಲೀಸು ಅಧಿನಿಯಮಕ್ಕೆ ೨೦೨೧ರಲ್ಲಿ ತಿದ್ದುಪಡಿಯನ್ನು ತಂದು, ಹಣವನ್ನು ಪಣವಿಡುವ ಆನ್‌ಲೈನ್ ಆಟಗಳನ್ನು, ಕೌಶಲದವುಗಳನ್ನೂ ಸೇರಿಸಿ, ನಿಷೇಧಿಸಿತು. ಕೌಶಲವು ಪ್ರಧಾನವಾದ ಆಟವು ಜೂಜಲ್ಲವೆಂಬ ಸರ್ವೋಚ್ಚ ನ್ಯಾಯಾಲಯದ ನಿಲುವು ೧೯೫೭ರಿಂದಲೂ ಇದ್ದುದರಿಂದ, ೨೦೨೨ರ ಫೆಬ್ರವರಿ ೧೪ರಂದು ನಮ್ಮ ಉಚ್ಚ ನ್ಯಾಯಾಲಯವು ಆ ವಿಧಿಗಳನ್ನು ಅಸಿಂಧುಗೊಳಿಸಿತು. ಬಳಿಕ ೨೦೨೫ರ ಆಗಸ್ಟಿನಲ್ಲಿ ಸಂಸತ್ತು ಹೊಸ ಶಾಸನವೊಂದನ್ನು ಅಂಗೀಕರಿಸಿತು. ಅದು ಸ್ಪರ್ಧಾರೂಪವಾದ ಇ-ಕ್ರೀಡೆ, ವಿನೋದದ ಆಟ, ಹಣದ ಆಟ ಎಂದು ಮೂರು ವಿಭಾಗಗಳನ್ನು ಮಾಡಿ, ಮೊದಲಿನ ಎರಡಕ್ಕೆ ಪ್ರೋತ್ಸಾಹವನ್ನೂ ಮೂರನೆಯದಕ್ಕೆ, ಕೌಶಲವಿರಲಿ ಅದೃಷ್ಟವಿರಲಿ, ನಿಷೇಧವನ್ನೂ ವಿಧಿಸಿತು. ಅದನ್ನು ಪ್ರಶ್ನಿಸಿದ ಅರ್ಜಿಗಳೂ ನ್ಯಾಯಾಲಯಗಳಿಗೆ ಹೋದುವು. ಕ್ರೀಡೆಯನ್ನೂ ದ್ಯೂತವನ್ನೂ ಬೇರ್ಪಡಿಸಿದ ಸ್ಮೃತಿಕಾರರ ಮಾರ್ಗವು ಈ ವಿಭಾಗದಲ್ಲಿ ಮತ್ತೆ ಕಾಣುವುದು. ಆದರೆ ಹಣವಿಲ್ಲದೆ ಕಾಲವನ್ನೇ ಪಣವಾಗಿ ಸೆಳೆಯುವ ಆಟಕ್ಕೆ ಈ ವಿಭಾಗವು ಉತ್ತರವನ್ನು ಕೊಡುವುದಿಲ್ಲ. ಅದು ಮನೆಗೇ ಬಿಟ್ಟ ಪ್ರಶ್ನೆಯಾಗಿ ಉಳಿದಿದೆ.

೭. ಮನೆಗೆ ಉಳಿದ ಪ್ರಶ್ನೆ

ಕಿರಿಯರ ವಾದದಲ್ಲಿ ಸತ್ಯವಿಲ್ಲದಿಲ್ಲ. ೨೦೧೧ರಲ್ಲಿ ಫೋಲ್ಡಿಟ್ ಎಂಬ ಆಟವನ್ನು ಆಡುತ್ತಿದ್ದ ಸಾಮಾನ್ಯ ಜನರು, ವಿಜ್ಞಾನಿಗಳಿಗೆ ವರ್ಷಗಟ್ಟಲೆ ಬಗೆಹರಿಯದಿದ್ದ ವೈರಾಣುವಿನ ಪ್ರೋಟೀನೊಂದರ ಆಕಾರವನ್ನು ಮೂರು ವಾರಗಳೊಳಗೆ ಬಿಡಿಸಿಕೊಟ್ಟರು. ಗಮನವು ನಿಲ್ಲದ ೮ರಿಂದ ೧೨ ವರ್ಷದ ಮಕ್ಕಳ ಚಿಕಿತ್ಸೆಗಾಗಿ ವಿಡಿಯೋ ಗೇಮ್ ಒಂದಕ್ಕೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು ೨೦೨೦ರಲ್ಲಿ ಅನುಮತಿಯನ್ನು ಕೊಟ್ಟಿತು. ೨೦೨೩ರಲ್ಲಿ ಹಾಂಗ್‌ಝೌ ನಗರದಲ್ಲಿ ನಡೆದ ಏಷ್ಯಾ ಕ್ರೀಡೋತ್ಸವದಲ್ಲಿ ಈ ಆಟಗಳಿಗೂ ಪದಕಗಳಿದ್ದುವು. ಹಾಗೆಯೇ ಹಿರಿಯರ ದೂರೂ ಸುಳ್ಳಲ್ಲ; ಅವರು ನೋಡುವುದು ಪದಕವನ್ನಲ್ಲ, ತಣ್ಣಗಾದ ಅನ್ನದ ತಟ್ಟೆಯನ್ನು. ಆದರೆ ಆ ದೂರನ್ನು ಹೇಳುವ ತಂದೆಯ ಕೈಯಲ್ಲಿಯೂ ಅದೇ ಯಂತ್ರವು ಊಟದ ಹೊತ್ತಿನಲ್ಲಿ ಬೆಳಗುತ್ತಿದ್ದರೆ, ಮಗುವು ಕಿವಿಯಿಂದ ಕೇಳಿದ ಮಾತಿಗಿಂತ ಕಣ್ಣಿಂದ ಕಂಡುದನ್ನೇ ಅನುಸರಿಸುವುದು.

ಭಾರತದ ವನಪರ್ವದಲ್ಲಿ ಬರುವ ನಳನ ಕಥೆಯು ಈ ಸಂದರ್ಭಕ್ಕೆ ತಕ್ಕುದಾಗಿದೆ. ಕಲಿಯ ಆವೇಶದಿಂದ ನಳನು ಪುಷ್ಕರನೊಡನೆ ದ್ಯೂತವನ್ನಾಡಿ ರಾಜ್ಯವನ್ನು ಕಳೆದುಕೊಂಡನು. ದಾಳದಿಂದ ದೂರವಾಗಿ ಕಾಡಿನಲ್ಲಿ ಅಲೆದರೂ ಕಲಿಯು ಅವನ ದೇಹವನ್ನು ಬಿಡಲಿಲ್ಲ. ಬಾಹುಕನೆಂಬ ಹೆಸರಿನಿಂದ ಋತುಪರ್ಣನ ಸಾರಥಿಯಾಗಿದ್ದಾಗ, ದಾರಿಯಲ್ಲಿ ತಾರೆಯ ಮರವೊಂದರ ಎಲೆಗಳನ್ನೂ ಕಾಯಿಗಳನ್ನೂ ಆ ರಾಜನು ಎಣಿಸದೆಯೇ ಲೆಕ್ಕ ಹೇಳಿದುದನ್ನು ಕಂಡು ಬೆರಗಾಗಿ, ಅವನಿಂದ ಅಕ್ಷಹೃದಯವೆಂಬ ವಿದ್ಯೆಯನ್ನು ಪಡೆದನು. ಅಂದರೆ ದಾಳದ ಅಂತರಂಗದ ಅರಿವು. ಆ ವಿದ್ಯೆಯು ಬಂದೊಡನೆಯೇ ಕಲಿಯು ಅವನನ್ನು ಬಿಟ್ಟು ಹೊರಟನು. ಬಳಿಕ ನಳನು ಮತ್ತ‍ೊಮ್ಮೆ ದಾಳವನ್ನು ಕೈಗೆ ತೆಗೆದುಕೊಂಡನು. ಆದರೆ ಈ ಸಲ ಒಂದೇ ಪಣ, ಒಂದೇ ಆಟ. ಗೆದ್ದು ಎದ್ದನು.

ಈ ಯಂತ್ರಗಳಿಗೂ ಒಂದು ಅಕ್ಷಹೃದಯವುಂಟು. ಅದು ಬಹು ಕಷ್ಟದ ವಿದ್ಯೆಯೇನೂ ಅಲ್ಲ. ಮಗುವಿನ ಕೈಗೆ ಒಂದು ಆಟವನ್ನು ಕೊಡುವ ಮೊದಲು ತಂದೆತಾಯಿಗಳು ಅದನ್ನು ತಾವೇ ಒಂದು ಸಲ ಆಡಿ ನೋಡಿ, ಎರಡು ಪ್ರಶ್ನೆಗಳನ್ನು ಕೇಳಿಕೊಂಡರೆ ಸಾಕು. ಈ ಆಟಕ್ಕೆ ಕೊನೆಯುಂಟೆ? ಕೊನೆಯಿಲ್ಲದಿದ್ದರೆ ಅದರ ಲಾಭವು ಯಾರಿಗೆ? ಇದೇ ಪ್ರಶ್ನೆಗಳನ್ನು ಮಗುವಿಗೂ ಕಲಿಸಬಹುದು. ತನ್ನನ್ನು ಹಿಡಿದಿಡುವ ಉಪಾಯವನ್ನು ಕಂಡುಹಿಡಿಯುವುದು ಮಕ್ಕಳಿಗೆ ತಾನೇ ಒಂದು ಆಟವಾಗುವುದು. ಹಿಂದೆ ನಾಣ್ಯವೂ, ಅಂಗಡಿಯ ಬಾಗಿಲೂ, ಮನೆಯ ಒಂದೇ ಟಿ. ವಿ.ಯೂ ಮಾಡುತ್ತಿದ್ದ ಕೆಲಸವನ್ನು ಇನ್ನು ಮುಂದೆ ಮನುಷ್ಯನ ಅರಿವೇ ಮಾಡಬೇಕಾಗಿದೆ. ಮನೆಯಲ್ಲಿ ಊಟಕ್ಕೆ ಕರೆದಾಗ ಹಿರಿಯರೂ ಕಿರಿಯರೂ ಯಂತ್ರವನ್ನು ಬದಿಗಿಟ್ಟು ಒಟ್ಟಿಗೆ ಏಳುವುದು ಅದರ ಮೊದಲನೆಯ ಪಾಠವಾಗಲಿ.